ಒಂದೇ ಸಲ ಓದುವ ಅತ್ತಿಗೆ

ನಮ್ಮ ನಿರ್ಮಲತ್ತಿಗೆ ಮಕ್ಕಳಿಗೆ ಯಾವುದನ್ನೂ ಎರಡನೆಯ ಸಲ ಓದಿ ಹೇಳುತ್ತಿರಲಿಲ್ಲ. ಒಂದೇ ಸಲ, ನಿಧಾನವಾಗಿ ಓದಿ, ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು, ‘ಈಗ ನೀ ಹೇಳು’ ಎನ್ನುವರು. ಮಗು ಕೇಳಿದ್ದನ್ನು ತನ್ನ ಮಾತಿನಲ್ಲಿ ಹೇಳಬೇಕು. ಹೇಳುವಾಗ ಯಾರೂ ನಡುವೆ ಬಾಯಿ ಹಾಕಬಾರದು, ತಪ್ಪಿದರೂ ತಿದ್ದಬಾರದು. ಒಮ್ಮೆ ನಾನು ತಡೆಯಲಾರದೆ ಒಂದು ಊರಿನ ಹೆಸರು ಎತ್ತಿಕೊಟ್ಟಿದ್ದಕ್ಕೆ, ಮಗು ಮುಗಿಸುವವರೆಗೂ ನನ್ನನ್ನು ದುರುಗುಟ್ಟಿ ನೋಡುತ್ತ ಕೂತಿದ್ದರು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು ನಾನು. ನನಗೇ ಈ ಗತಿ!

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಅವರ ಮನೆ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ. ನಾನಿರುವುದು ಹರಿಹರದಲ್ಲಾದರೂ ಶಾಲೆ ದಾವಣಗೆರೆಯಲ್ಲೇ. ಹಾಗಾಗಿ ಆಗಾಗ ಅವರ ಮನೆಗೆ ಹೋಗುವುದು, ಸಿಟ್ಟು ಮಾಡಿಕೊಂಡು ವಾಪಸು ಬಸ್ಸು ಹತ್ತುವುದು ನನ್ನ ರೂಢಿಯಾಗಿತ್ತು.

ದೊಡ್ಡ ಮಗಳು ಅಕ್ಷತಾ ಒಂದನೇ ತರಗತಿಯಲ್ಲಿದ್ದಾಗ ಕಾಗೆಯ ಚಿತ್ರಕ್ಕೆ ಬೂದು ಕುತ್ತಿಗೆ ಬಳಿದಿದ್ದಳು. ಕಾಗೆ ಪೂರ್ತಿ ಕಪ್ಪಿರಬೇಕೆಂದು ಟೀಚರ್ ಅದರ ಮೇಲೆ ಕೆಂಪು ಗೆರೆ ಎಳೆದರಂತೆ. ಕಿಟಕಿಯಲ್ಲಿ ಕೂತ ಕಾಗೆಯನ್ನೇ ಮಗು ತೋರಿಸಿದರೂ ಅವರು ಒಪ್ಪಲಿಲ್ಲವಂತೆ. ಮರುದಿನದಿಂದ ಅತ್ತಿಗೆ ಮಗಳನ್ನು ಶಾಲೆಗೆ ಕಳಿಸಲಿಲ್ಲ. ಆಮೇಲೆ ಹುಟ್ಟಿದ ಗೌರಿಯಂತೂ ಶಾಲೆಯ ಮುಖವನ್ನೇ ನೋಡಲಿಲ್ಲ. ಅಣ್ಣನನ್ನು ಕೇಳಿದರೆ, ‘ಅದು ಆಕೀ ಇಲಾಖೆ ಸುಮಾ, ನನ್ನ ಯಾಕ ಎಳೀತಿ?’ ಎಂದು ಅಂಗಡಿಗೆ ನಡೆಯುತ್ತಿದ್ದ.

ಬೆಳಿಗ್ಗೆ ಸ್ನಾನವಾದ ಕೂಡಲೇ ತಾಯಿ ಮಕ್ಕಳು ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ದೃಷ್ಟಿ ನೆಟ್ಟು ಕೂರುವರು. ಓದು ಆಮೇಲೆ.

‘ಲಿಂಗದ ಮ್ಯಾಲೆ ಕಣ್ಣಿಟ್ಟು ಕುಂತ ಮಗೀಗೆ ಪುಸ್ತಕದ ಮ್ಯಾಲೆ ಕಣ್ಣಿಡು ಅಂತ ಹೇಳಬೇಕಾಗಿಲ್ಲ. ಕಾಗೆ ಮಾಡಿದವನೂ ಅವನೇ, ನೋಡೋ ಕಣ್ಣು ಕೊಟ್ಟವನೂ ಅವನೇ. ಪೂಜೆ ಬ್ಯಾರೆ, ಪಾಠ ಬ್ಯಾರೆ ಹೆಂಗಾಗ್ತೈತೆ?’ ಎನ್ನುವರು.

ಪಠ್ಯಪುಸ್ತಕಕ್ಕೆ ಆ ಮನೆಯಲ್ಲಿ ಪ್ರವೇಶವಿರಲಿಲ್ಲ. ಹಕ್ಕಿಗಳ ಹಿಂದೆ ಅಲೆದವರು ಬರೆದ ಹಕ್ಕಿಯ ಪುಸ್ತಕ, ಶರಣರ ಕತೆಗಳು, ಊರೂರು ಸುತ್ತಿದವರ ಅನುಭವಗಳು, ಇವಷ್ಟೇ ಕಪಾಟಿನಲ್ಲಿ. ‘ಬರೆದೋರಿಗೆ ಅದರ ಮ್ಯಾಲೆ ಜೀವ ಇರಬೇಕು. ಆಗ ಪುಸ್ತಕಕ್ಕೂ ಜೀವ ಇರ್ತೈತೆ’ ಎಂಬುದು ಅವರ ಸಿದ್ಧಾಂತ. ಕೇಳಲು ಚೆನ್ನಾಗಿತ್ತು. ಆದರೆ ಪರೀಕ್ಷೆ ಎಂಬುದೊಂದು ಇದೆಯಲ್ಲ!

ಒಂದು ಸಲ ಮಕ್ಕಳನ್ನು ಹರಿಹರಕ್ಕೆ ಕರೆದುಕೊಂಡು ಬಂದರು. ಇಡೀ ಬೆಳಗು ತುಂಗಭದ್ರೆಯ ದಡದಲ್ಲಿ ಕೂತಿದ್ದಾಯಿತು. ಅಕ್ಷತಾ ನೀರು ಬಂಡೆಯನ್ನು ಬಳಸಿ ಹೋಗುವುದನ್ನು ನೋಡಿದ್ದೇ ನೋಡಿದ್ದು. ನಾನು ಸುಮ್ಮನಿರಲಾರದೆ, ತುಂಗೆ ಭದ್ರೆ ಎಲ್ಲಿ ಕೂಡುತ್ತವೆ ಎಂದು ಕೇಳಿದೆ. ಗೊತ್ತಿಲ್ಲವೆಂದಳು. ನನಗೆ ಮೈಯೆಲ್ಲ ಉರಿಯಿತು.

‘ಏನ್ರೀ ಅತ್ತಿಗೆ, ಇಷ್ಟೂ ಗೊತ್ತಿಲ್ಲ ಅಂದ್ರೆ!’

‘ಒಂದಿನ ಗೊತ್ತಾಗ್ತೈತೆ ಬಿಡು. ಮೊದಲು ಹೊಳೆ ಇಷ್ಟ ಆಗ್ಲಿ’ ಎಂದು ಅವರು ತಣ್ಣಗೆ ಮಂಡಕ್ಕಿ ಪೊಟ್ಟಣ ಬಿಚ್ಚಿದರು.

ಅಕ್ಷತಾಗೆ ಹದಿಮೂರು ತುಂಬುವ ಹೊತ್ತಿಗೆ ಒಂದು ದಿನ ಗೇಟಿನವರೆಗೆ ನನ್ನನ್ನು ಬಿಡಲು ಬಂದವಳು, ‘ಅತ್ತೆ, ನನ್ನ ನಿಮ್ಮ ಸ್ಕೂಲಿಗೆ ಸೇರಿಸ್ರಿ’ ಎಂದಳು. ಅಮ್ಮನಿಗೆ ಹೇಳಿದ್ದೀಯಾ ಎಂದರೆ, ‘ಕಿವಿ ಮ್ಯಾಲೆ ಹಾಕ್ಕೊಳ್ಳಲ್ಲ’ ಎಂದಳು. ಅಲ್ಲಿಂದಲೇ ಒಳಗೆ ತಿರುಗಿ ಹೋಗಿ ಅತ್ತಿಗೆಯೊಡನೆ ಜಗಳಕ್ಕೆ ನಿಂತೆ.

‘ಆ ಸ್ಕೂಲು ನನ್ನ ಮಗಳ ಕಣ್ಣು ಕಿತ್ಕೊಳ್ತೈತೆ. ಬ್ಯಾಡ ಅಂದ್ರೆ ಬ್ಯಾಡ’ ಎಂದರು. ಗೋಡೆಗೆ ಹೇಳಿದ್ದರೂ ಒಂದಿಷ್ಟು ಅಲುಗಾಡುತ್ತಿತ್ತೇನೋ.

ದಾರಿ ಹುಡುಕಿದವಳು ಅಕ್ಷತಾ. ಮುಂದಿನ ಭಾನುವಾರ ನಾನೂ ಅಲ್ಲಿದ್ದೆ. ಅತ್ತಿಗೆ ಓದಿ ಮುಗಿಸಿ, ‘ಈಗ ನೀ ಹೇಳು’ ಎಂದರು. ಅವಳು ಓದಿದ್ದನ್ನು ಬಿಟ್ಟು ಬೇರೆಯೇ ಕತೆ ಶುರು ಮಾಡಿದಳು.

‘ಒಂದು ಊರಲ್ಲಿ ಒಬ್ಬಳು ಹುಡುಗಿ ಇದ್ಲು. ದಿನಾ ಸ್ಕೂಲ್ ವ್ಯಾನ್ ಬರೋ ಹೊತ್ತಿಗೇ ಗಿಡಕ್ಕೆ ನೀರು ಹಾಕೋಕೆ ಗೇಟಿನ ಹತ್ರ ಬರೋಳು. ವ್ಯಾನಿನಾಗಿದ್ದೋರು ಆಕೀಗೆ ಕೈ ಬೀಸೋರು. ಅವರ ಹೆಸರು ಒಂದೂ ಆಕೀಗೆ ಗೊತ್ತಿರ್ಲಿಲ್ಲ. ಹಕ್ಕಿ ಹೆಸರೆಲ್ಲಾ ಗೊತ್ತಿತ್ತು. ಗೆಳತಿ ಅಂತ ಒಂದು ಹೆಸರೂ ಗೊತ್ತಿರ್ಲಿಲ್ಲ...’

ಅತ್ತಿಗೆಯ ಬಾಯಿ ತೆರೆಯಿತು, ಮುಚ್ಚಿತು. ಹೇಳುವ ಮಗುವಿನ ನಡುವೆ ಬಾಯಿ ಹಾಕಬಾರದೆಂದು ಕಾನೂನು ಮಾಡಿದವರು ಅವರೇ. ಕೊನೆಯವರೆಗೂ ಕೇಳಿ, ತಿದ್ದದೆ, ಎದ್ದು ಅಡುಗೆಮನೆಗೆ ಹೋದರು. ಜೂನ್‌ನಲ್ಲಿ ಅಕ್ಷತಾ ನಮ್ಮ ಶಾಲೆಯ ಎಂಟನೇ ತರಗತಿಗೆ ಸೇರಿದಳು.

ಸೇರಿದ ಮೇಲಾದರೂ ನನ್ನ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ನದಿಗಳ ಪ್ರಯೋಜನ ಬರೆಯಿರಿ ಎಂದರೆ ಹುಡುಗಿ ಹೊಳೆ ಬಂಡೆಯೊಡನೆ ಹೇಗೆ ಹೊಂದಿಕೊಳ್ಳುತ್ತದೆಂದು ಪುಟ ತುಂಬಿಸಿದ್ದಳು. ಓದಲು ಎಷ್ಟು ಚೆನ್ನಾಗಿತ್ತು! ಆದರೆ ಕೊಡಬೇಕೆಂದರೂ ಅಂಕ ಕೊಡಲು ಜಾಗವೇ ಇಲ್ಲ. ನಾನೇನು ಮಾಡಲಿ? ಮಾದರಿ ಉತ್ತರ ನಾನು ಬರೆದದ್ದಲ್ಲ. ಪಾಯಿಂಟ್ ಬಾಯಿಪಾಠ ಮಾಡು ಎಂದೆ. ಜಾಣೆ, ಬೇಗ ಕಲಿತಳು. ಈಗ ಗೆಳತಿಯರೂ ಇದ್ದಾರೆ, ಅಂಕಗಳೂ ಬರುತ್ತಿವೆ. ಪುಟ ತುಂಬ ಬರೆಯುವುದನ್ನು ಮಾತ್ರ ನಿಲ್ಲಿಸಿಬಿಟ್ಟಳು. ಸ್ಕೂಲು ಕಣ್ಣು ಕಿತ್ತುಕೊಳ್ಳುತ್ತದೆಂಬ ಅತ್ತಿಗೆಯ ಮಾತು ಅಷ್ಟರಮಟ್ಟಿಗೆ ನಿಜವಾಯಿತಲ್ಲ ಎಂಬುದೇ ನನ್ನ ಹೊಟ್ಟೆಯುರಿ.

ಕಳೆದ ಸಲ ಅತ್ತಿಗೆಯ ಮನೆಗೆ ಹೋಗಿದ್ದು ಪರೀಕ್ಷೆಗೆ ಮುಂಚೆ. ಅಕ್ಷತಾ ರೂಮಿನ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಳು. ಹಾಲ್‌ನಲ್ಲಿ ಅತ್ತಿಗೆ ಗೌರಿಯನ್ನು ಕೂರಿಸಿಕೊಂಡು ಓದಲು ಶುರು ಮಾಡಿದರು. ಒಳಗಿನ ದನಿ ನಿಂತಿತು. ಅತ್ತಿಗೆ ಪುಟ ಮುಗಿಸಿದರು. ಒಳಗೆ ಮತ್ತೆ ಪಾಯಿಂಟುಗಳು ಶುರುವಾದವು. ಅತ್ತಿಗೆ ಒಂದು ಗಳಿಗೆ ಬಾಗಿಲನ್ನೇ ನೋಡಿ, ಅದೇ ಪುಟವನ್ನು ಮೊದಲಿನಿಂದ, ಇನ್ನಷ್ಟು ಗಟ್ಟಿಯಾಗಿ ಓದತೊಡಗಿದರು. ಒಳಗಿನ ದನಿ ಮತ್ತೆ ನಿಂತಿತು.

‘ಒಂದೇ ಸಲ ಅಂತಿದ್ರಲ್ಲ ಅತ್ತಿಗೆ?’ ಎಂದೆ.

‘ಗೌರಿಗೆ ಸರಿಯಾಗಿ ಕೇಳಿಸಿಲ್ಲ.’

‘ಕೇಳಿಸ್ತಮ್ಮ ನಂಗೆ’ ಎಂದಳು ಗೌರಿ.

‘ನೀ ಸುಮ್ನಿರು’ ಎಂದು ಅವಳನ್ನು ಗದರಿಸಿ, ಅತ್ತಿಗೆ ಕುರ್ಚಿಯನ್ನು ರೂಮಿನ ಬಾಗಿಲ ಹತ್ತಿರಕ್ಕೆ ಎಳೆದುಕೊಂಡರು.