ಧೂಳು ಹಿಡಿದ ಗೀಸರ್

ಬೆಳಗೋಡಿನಿಂದ ಸಕಲೇಶಪುರಕ್ಕೆ ಮನೆ ಬದಲಾಯಿಸುವಾಗ ನಮ್ಮ ಯಜಮಾನರದು ಒಂದೇ ಮಾತು: ಬಾಡಿಗೆಯ ಜೊತೆಗೆ ಕರೆಂಟು, ಸೌದೆ ಎಲ್ಲಾ ಸೇರಿ ಸಂಬಳಕ್ಕೆ ಹೊಂದಿದರೆ ಮಾತ್ರ ಆ ಮನೆ. ನೋಡಿದ ಕೂಡಲೇ ಮನೆ ನನಗೆ ಹಿಡಿಸಿಬಿಟ್ಟಿತು. ಪಕ್ಕದಲ್ಲೇ ಇದ್ದ ಮನೆಯೊಡತಿ ಹಿಂದಿನ ಬಾಡಿಗೆಯವರ ಕರೆಂಟ್ ಬಿಲ್ಲುಗಳನ್ನು ತೋರಿಸಿದರು. ಎಲ್ಲವೂ ತೀರಾ ಕಡಿಮೆ. ಖುಷಿಯಿಂದ ಬಚ್ಚಲಿಗೆ ಇಣುಕಿದೆ. ಗೀಸರಿನ ಮೇಲೆ ದಪ್ಪ ಧೂಳಿತ್ತು, ಹಂಡೆಯ ಒಲೆಯಲ್ಲಿ ಬೂದಿ ತುಂಬಿತ್ತು.

"ಅವರು ಸ್ನಾನದ ನೀರು ಸೌದೇಲಿ ಕಾಯಿಸ್ತಿದ್ರಾ ಅಮ್ಮ?"

"ಹೂಂ ಕಣಮ್ಮ. ಅವ್ರಿಗೆ ಎಸ್ಟೇಟಿಂದ ಜೀಪಲ್ಲಿ ಸೌದೆ ಬತ್ತಿತ್ತು."

ನಮಗೆ ಯಾವ ಎಸ್ಟೇಟೂ ಇರಲಿಲ್ಲ. ಗೀಸರ್ ಹಾಕಿದರೂ, ಸೌದೆ ಕೊಂಡರೂ ಸಂಬಳ ಸಾಲುತ್ತಿರಲಿಲ್ಲ. ನನ್ನ ಮುಖ ಸಪ್ಪಗಾದದ್ದು ಅವರಿಗೆ ಕಂಡಿರಬೇಕು.

"ನಮ್ ತೋಟದಲ್ಲಿ ಮರ ಸವರಿದ ಸೌದೆ ಕೊಟ್ಟಿಗೆ ತುಂಬಾ ಐತೆ. ನಂಗೆ ಬಗ್ಗಿ ಒಲೆ ಊದಕ್ಕಾಗಲ್ಲ, ಗೀಸರ್ ನೀರು ಮೈಗೆ ಹತ್ತಕಿಲ್ಲ ಮಾರಾಯ್ತಿ. ನೀನು ಉರಿ ಹಾಕು, ಬೆಳಿಗ್ಗೆ ನಂಗೊಂದು ಕೊಡ ಬಿಸ್ನೀರು ತಂದಿಟ್ರೆ ಸಾಕು."

ಆ ಮನೆಯಲ್ಲಿದ್ದಷ್ಟು ದಿನವೂ ಹಂಡೆಯ ಮೊದಲ ಕೊಡ ಅವರ ಬಚ್ಚಲಿಗೇ ಹೋಯಿತು. ಗೀಸರಿನ ಧೂಳನ್ನು ನಾನು ಶನಿವಾರ ಶನಿವಾರ ಒರೆಸಿಡುತ್ತಿದ್ದೆ.