ಕಾಂಪೌಂಡಿನ ಕಲ್ಲು, ಗಂಗಮ್ಮಜ್ಜಿಯ ಕಾವಲು

ಗೆಳೆಯರೇ, ಇವತ್ತು ಬೆಳಿಗ್ಗೆ ನನ್ನ ಕಲ್ಲನ್ನು ನಾನೇ ಎತ್ತಲು ಹೋಗಿ ಬೈಸಿಕೊಂಡು ಬಂದೆ. ಚಳ್ಳಕೆರೆಯ ನಮ್ಮ ಹೊಸ ಬಡಾವಣೆಯಲ್ಲಿ ಕಟ್ಟಿ ಮುಗಿದ ಮನೆಗಳು ಆರೇ ಆರು. ನಾಲ್ಕು ಜನ ಕೂರಲು ಒಂದು ಕಟ್ಟೆಯೂ ಇಲ್ಲ. ಹಾಗಾಗಿ ಕಾಂಪೌಂಡಿಗೆಂದು ತರಿಸಿ ಬೇವಿನ ಮರದಡಿ ಜೋಡಿಸಿಟ್ಟಿದ್ದ ನನ್ನ ಸೈಜುಗಲ್ಲುಗಳೇ ಒಂದು ವರ್ಷದಿಂದ ಎಲ್ಲರ ಕಟ್ಟೆ. ಜನ ಸೇರಿ ಮೇಲೆ ಗರಿಯ ಚಪ್ಪರ ಹಾಕಿದರು, ಪಕ್ಕದಲ್ಲಿ ನೀರಿನ ಮಡಕೆ ಇಟ್ಟರು.

ಕಾಂಪೌಂಡಿಲ್ಲದೆ ನನ್ನ ಬದನೆ ಗಿಡಗಳೆಲ್ಲ ಮೇಕೆಗಳ ಪಾಲಾಗುತ್ತಿವೆ. ಇವತ್ತು ಗೋಡೆ ಶುರುವಾಗದಿದ್ದರೆ ಬಿ.ಜಿ. ಕೆರೆ ಊರಿನ ಇನ್ನೊಂದು ಕೆಲಸಕ್ಕೆ ಹೋಗುತ್ತೇನೆ ಎಂದು ಮೇಸ್ತ್ರಿ ತಿಪ್ಪೇಸ್ವಾಮಿ ಹೇಳಿಬಿಟ್ಟಿದ್ದ. ಅವನನ್ನು ಕರೆದುಕೊಂಡು ಹೋದರೆ, ಎದುರುಮನೆಯ ಗಂಗಮ್ಮಜ್ಜಿ ಕಲ್ಲಿನ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದರು.

"ಅಜ್ಜಿ, ಸ್ವಲ್ಪ ಏಳ್ರಿ, ಕಲ್ಲು ಬೇಕಾಗೈತೆ."

"ನೀನು ಗೋಡೆ ಕಟ್ಕಂಡು ಒಳಗೆ ಕುಂದ್ರುತೀಯ. ನಾವೆಲ್ಲಿ ಕುಂದ್ರಾನಪ್ಪ?"

"ಕಲ್ಲು ನಂದಲ್ವೇನಜ್ಜಿ?"

"ನಿಂದೇ. ಯಾರಾನ ಹೊತ್ಕಂಡು ಹೋದಾರು, ದಿನಾ ಬಂದು ಕುಂದ್ರಿ ಅಂತ ಮನೆಮನೆಗೆ ಬಂದು ಹೇಳಿದೋನೂ ನೀನೇ. ಕಾಯ್ತಾ ಇದೀವಿ."

ಸಹಾಯಕ್ಕೆಂದು ತಿಪ್ಪೇಸ್ವಾಮಿಯ ಕಡೆ ತಿರುಗಿದೆ. ಅವನು ಮಡಕೆಯ ನೀರು ಕುಡಿದು ಅಜ್ಜಿಯ ಪಕ್ಕದಲ್ಲೇ ಕೂತಿದ್ದ. "ಬಾಳ ತಂಪೈತೆ ಸಾರ್ ಇಲ್ಲಿ," ಅಂದ. ಅಜ್ಜಿ ಅವನ ಕೈಗೆ ಒಂದು ಹಿಡಿ ಶೇಂಗಾ ಸುರಿದರು. ತಿಂದು ಮುಗಿಸಿ, ಕೈ ಕೊಡವಿಕೊಂಡು, ಅವನು ಬಿ.ಜಿ. ಕೆರೆಯ ಬಸ್ಸು ಹತ್ತಿದ.

ಕಳ್ಳರಿಂದ ಉಳಿದ ಕಲ್ಲನ್ನು ಕಾವಲುಗಾರರಿಂದ ಬಿಡಿಸಿಕೊಳ್ಳುವ ದಾರಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಕಟ್ಟೆಗೆ ಬಂದು ಮಾತ್ರ ಹೇಳಬೇಡಿ, ಅಜ್ಜಿ ಇರುತ್ತಾರೆ.