ಪದ್ಮಳ ಕೋಣೆಯ ಸೆಕೆ

ಆ ಕೋಣೆಗೆ ಬರುತ್ತಿದ್ದ ಗಾಳಿಯನ್ನು ಮುಚ್ಚಿದವಳು ನಾನು. ಮುಚ್ಚಿದ್ದನ್ನು ಬೇಕಾದರೆ ಸಣ್ಣ ತಪ್ಪು ಎನ್ನಬಹುದು. ಆದರೆ ಅಲ್ಲಿ ಬೇಯುತ್ತಿದ್ದವಳು ‘ಸೆಕೆ’ ಎಂದಾಗ, ಸೆಕೆಯೇ ಇಲ್ಲ ಎಂದು ಇಡೀ ಮನೆಯ ಮುಂದೆ ತೀರ್ಪು ಕೊಟ್ಟವಳೂ ನಾನೇ — ಅದನ್ನು ಸಣ್ಣದು ಎನ್ನಲು ನನಗೆ ಬಾಯಿ ಬರುವುದಿಲ್ಲ.

ನಾನು ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾಗಿದ್ದೆ, ವಿಮಲ ಟೀಚರು. ಕಾದ ಗಾಳಿ ಹಗುರವಾಗಿ ಮೇಲೇರುತ್ತದೆ, ಅದರ ಜಾಗಕ್ಕೆ ತಂಪು ಗಾಳಿ ಕೆಳಗಿನಿಂದ ಬರುತ್ತದೆ ಎಂದು ವರ್ಷವರ್ಷವೂ ಕರಿಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸುತ್ತಿದ್ದವಳು. ಈಗಲೂ ನಮ್ಮೂರಿನಲ್ಲಿ ಯಾರದಾದರೂ ಮನೆಯ ಒಂದು ರೂಮು ಒಲೆಯಂತೆ ಕಾದು ಇನ್ನೊಂದು ತಣ್ಣಗಿದ್ದರೆ ನನ್ನನ್ನು ಕರೆಯುತ್ತಾರೆ. ಯಾವ ಕಿಟಕಿ ತೆರೆಯಬೇಕು, ಎಕ್ಸಾಸ್ಟ್ ಫ್ಯಾನ್ ಎಲ್ಲಿ ಕೂರಿಸಬೇಕು, ಚಳಿಗಾಲದಲ್ಲಿ ಅಡುಗೆಮನೆಯ ಬಿಸಿಯನ್ನು ಮಲಗುವ ಕೋಣೆಗೆ ಹೇಗೆ ತಿರುಗಿಸಬೇಕು — ಹೇಳುತ್ತೇನೆ, ಮತ್ತು ಹೇಳಿದ್ದು ತಪ್ಪುವುದಿಲ್ಲ. ಇದನ್ನು ಜಂಬಕ್ಕೆ ಬರೆಯುತ್ತಿಲ್ಲ. ಗೊತ್ತಿಲ್ಲದೆ ಮಾಡಿದೆ ಎಂದು ನಾನು ಯಾವತ್ತೂ ಹೇಳುವಂತಿಲ್ಲ, ಅದಕ್ಕೆ.

ತೊಂಬತ್ತರ ದಶಕದ ಆರಂಭ. ನನ್ನ ಮಾವನವರದು ತೆಂಗಿನಕಾಯಿ ಮಂಡಿ. ಚಿಕ್ಕ ಮಗನ ಮದುವೆ ಹತ್ತಿರ ಬಂದಾಗ ಹಳೇ ಮನೆಯ ಮೇಲೆ ತಾರಸಿ ಹಾಕಿಸಿ, ಪಕ್ಕಪಕ್ಕದಲ್ಲಿ ಎರಡು ರೂಮು ಕಟ್ಟಿಸಿದರು. ಪಶ್ಚಿಮದ ಮೂಲೆಯದು ನನಗೆ ಮತ್ತು ನಮ್ಮ ಯಜಮಾನರಿಗೆ. ಎರಡು ಕಿಟಕಿ, ಹೊಳೆಯ ಕಡೆಯಿಂದ ನೇರವಾಗಿ ಬೀಸುವ ಗಾಳಿ. ಇನ್ನೊಂದು ಮೈದುನನಿಗೆ. ಅದಕ್ಕಿದ್ದದ್ದು ಒಂದೇ ಕಿಟಕಿ, ಅದರೆದುರಿಗೆ ಪಕ್ಕದ ಮನೆಯವರ ಎತ್ತರದ ಗೋಡೆ. ಅದಕ್ಕೇ ಮೇಸ್ತ್ರಿ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ, ಸೂರಿಗೆ ಹತ್ತಿರವಾಗಿ, ಒಂದು ಅಗಲವಾದ ವೆಂಟಿಲೇಟರ್ ಬಿಟ್ಟಿದ್ದರು. ನನ್ನ ಕಿಟಕಿಯಿಂದ ಬಂದ ಗಾಳಿ ಆ ಜಾಲರಿ ದಾಟಿ, ಆ ಕೋಣೆಯ ತಾರಸಿಯಡಿ ಸೇರಿದ ಧಗೆಯನ್ನು ತಳ್ಳಿಕೊಂಡು ಅವರ ಕಿಟಕಿಯಿಂದ ಹೊರಗೆ ಹೋಗುತ್ತಿತ್ತು. ಎರಡೂ ಕೋಣೆ ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತಿದ್ದವು.

ಚನ್ನರಾಯಪಟ್ಟಣದಿಂದ ಪದ್ಮ ಸೊಸೆಯಾಗಿ ಬಂದಳು. ನನ್ನ ವಾರಗಿತ್ತಿ, ನನಗಿಂತ ಬಹಳ ಚಿಕ್ಕವಳು. ಬಂದು ಸ್ವಲ್ಪ ದಿನಕ್ಕೆ, ಬೆಳಿಗ್ಗೆ ಇಬ್ಬರೂ ಹುರುಳಿಕಾಯಿ ಸೋಸುತ್ತ ಕೂತಿದ್ದಾಗ, ನಗುತ್ತ ಹೇಳಿದಳು: “ಅಕ್ಕ, ನೀವು ರೂಮಲ್ಲಿ ಹಾಡ್ಕೋತಿರ್ತೀರಲ್ಲ, ಎಷ್ಟು ಚೆನ್ನಾಗಿ ಕೇಳಿಸ್ತದೆ ಗೊತ್ತಾ!”

ಅವಳು ಮೆಚ್ಚಿ ಹೇಳಿದ ಮಾತು. ನನಗೆ ಹೊಳೆದದ್ದು ಬೇರೆ. ಹಾಡು ಕೇಳಿಸಿದರೆ ಮಿಕ್ಕಿದ್ದೂ —

ಶಾಲೆಯಲ್ಲಿ, ಮನೆಯಲ್ಲಿ, ನೆಂಟರಲ್ಲಿ ನನಗೆ ಮೃದುಭಾಷಿ ಎಂದು ಹೆಸರು. ಬಾಗಿಲು ಮುಚ್ಚಿದ ಮೇಲೆ ನಾನು ನಮ್ಮ ಯಜಮಾನರಿಗೆ ಆಡುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅವರು ಅಪ್ಪನೆದುರು ಬಾಯಿಬಿಡದ ಮನುಷ್ಯ. ಅದಕ್ಕಾಗಿ ಅವರನ್ನು ಹೀಯಾಳಿಸುತ್ತಿದ್ದೆ, ಅತ್ತೆಮಾವಂದಿರನ್ನೂ ಸೇರಿಸಿ ಅನ್ನುತ್ತಿದ್ದೆ. ಆ ವಿಮಲ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವುದು ನನಗೆ ಬೇಕಿರಲಿಲ್ಲ. ನಾಲಿಗೆಯನ್ನು ಹಿಡಿತದಲ್ಲಿಡುವುದಕ್ಕಿಂತ ಗೋಡೆಯನ್ನು ಮುಚ್ಚುವುದು ಸುಲಭವೆನಿಸಿತು. ನನ್ನ ಕಡೆಯಲ್ಲಿ ವೆಂಟಿಲೇಟರಿನ ಕೆಳಗೇ ಸಾಮಾನಿಡುವ ಅಟ್ಟವಿತ್ತು. ಒಂದು ಪ್ಲೈವುಡ್ ಹಲಗೆಯನ್ನು ಜಾಲರಿಗೆ ಒತ್ತಿ ನಿಲ್ಲಿಸಿ, ಅದರ ಮುಂದೆ ಹಾಸಿಗೆ ಸುರುಳಿ, ಸೂಟ್‌ಕೇಸು ಜೋಡಿಸಿದೆ. ಆ ಕಡೆಯಿಂದ ನೋಡಿದರೆ ಜಾಲರಿ ಮೊದಲಿನಂತೆಯೇ ಕಾಣುತ್ತಿತ್ತು. ಅದರ ಹಿಂದೆ ಕತ್ತಲು, ಅಷ್ಟೆ.

ಬೇಸಿಗೆ ಬಂತು. ಪದ್ಮ ಆಗ ಬಸುರಿ. ದಿನವಿಡೀ ಕಾದ ತಾರಸಿಯ ಧಗೆಯನ್ನು ಅವಳ ಫ್ಯಾನು ತಿರುಗಿ ತಿರುಗಿ ಅವಳ ಮೈಮೇಲೇ ಸುರಿಯುತ್ತಿತ್ತು. ಅವಳು ದಿಂಬು ತಂದು ಕೆಳಗಿನ ಪಡಸಾಲೆಯಲ್ಲಿ ಮಲಗತೊಡಗಿದಳು. ಅತ್ತೆಗೆ ಅದು ಹಿಡಿಸಲಿಲ್ಲ.

“ಒಂದೇ ಮನೆ, ಒಂದೇ ತಾರ್ಸಿ. ದೊಡ್ಡವಳಿಗಿಲ್ಲದ ಸೆಕೆ ಇವಳಿಗೆ ಎಲ್ಲಿಂದ ಬತ್ತದೆ? ಮದ್ವೆಯಾಗಿ ಇನ್ನೂ ವರ್ಸ ಆಗಿಲ್ಲ, ಗಂಡನ್ನ ಬಿಟ್ಟು ಪಡಸಾಲೇಲಿ ಮಲಗ್ತಾಳೆ. ನೋಡ್ದೋರು ಏನಂದ್ಕಬೇಕು?”

ತವರಿಗೆ ಹೋಗಲು ನೆಪ ಹುಡುಕುತ್ತಿದ್ದಾಳೆ ಎಂಬ ಮಾತೂ ಹುಟ್ಟಿತು. ಮಾವ ನ್ಯಾಯವಂತರು. ಒಂದು ಸಂಜೆ ಎಲ್ಲರನ್ನೂ ಕೂರಿಸಿಕೊಂಡು ನನ್ನ ಕಡೆ ತಿರುಗಿದರು.

“ವಿಮಲವ್ವಾ, ನೀನು ಮಕ್ಕಳಿಗೆ ಸೈನ್ಸ್ ಏಳ್ಕೊಡೋಳು. ಎರಡೂ ರೂಮು ಸರ್ಯಾಗಿ ನೋಡ್ಬುಟ್ಟು ಏಳು. ಸೆಕೆ ಇದ್ರೆ ನಾಳೇನೇ ಮೇಸ್ತ್ರಿ ಕರ್ಸಿ ಗೋಡೆ ಒಡೆಸ್ತೀನಿ. ನೀನು ಏಳಿದ್ದೇ ಆಯ್ತು.”

ಗೋಡೆ ಒಡೆಸಲು ತಯಾರಿದ್ದರು ಅವರು. ನಾನು ಅಟ್ಟ ಹತ್ತಿ ಒಂದು ಹಲಗೆ ಸರಿಸಿದ್ದರೆ ಸಾಕಿತ್ತು. ‘ಅಟ್ಟದ ಸಾಮಾನು ಅಡ್ಡ ಬಂದಿತ್ತು ಮಾವ’ ಎಂದು ಒಂದು ಸಣ್ಣ ಸುಳ್ಳು ಹೇಳಿ ಗೌರವದಿಂದಲೇ ಪಾರಾಗಬಹುದಿತ್ತು. ಆದರೆ ಹಲಗೆ ತೆಗೆದರೆ ನನ್ನ ದನಿ ಮತ್ತೆ ಆ ಕಡೆಗೆ —

ಶಾಲೆಯಿಂದ ಥರ್ಮಾಮೀಟರ್ ತಂದೆ. ತಾರಸಿ ಪೂರ್ತಿ ಆರಿರುವ ಬೆಳಗಿನ ಜಾವವನ್ನೇ ಆರಿಸಿಕೊಂಡೆ. ಧಗೆ ನಿಲ್ಲುವುದು ಮೇಲೆ ಎಂದು ತಿಳಿದೂ ಥರ್ಮಾಮೀಟರನ್ನು ನೆಲಕ್ಕೆ ಹತ್ತಿರ ಇಟ್ಟೆ. ಮಾವನವರನ್ನೇ ಕರೆದು ತೋರಿಸಿದೆ. ಎರಡು ಕೋಣೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಇರದಂತೆ ನೋಡಿಕೊಂಡಿದ್ದೆ. ಮನೆಯವರೆಲ್ಲ ಬಂದಿದ್ದರು, ಪದ್ಮ ಬಾಗಿಲ ಹತ್ತಿರ ನಿಂತಿದ್ದಳು. ತರಗತಿಯಲ್ಲಿ ಪಾಠ ಮುಗಿಸುವ ದನಿಯಲ್ಲಿ ಹೇಳಿದೆ:

“ಎರಡು ರೂಮೂ ಒಂದೇ ಮಾವ. ಸೆಕೆ ರೂಮಲ್ಲಿಲ್ಲ. ಅವಳ ಮನಸ್ಸಲ್ಲಿದೆ.”

ಅವಳು ಜಗಳವಾಡಲಿಲ್ಲ. ಥರ್ಮಾಮೀಟರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. “ತಪ್ಪಾಯ್ತು ಮಾವ” ಎಂದಳು. ಅಂದಿನಿಂದ ದಿಂಬು ಕೆಳಗೆ ಬರಲಿಲ್ಲ. ಆ ಬೇಸಿಗೆಯ ಕೊನೆಯಲ್ಲಿ ಒಂದು ಮಧ್ಯಾಹ್ನ ಅವಳು ಆ ಕೋಣೆಯಲ್ಲೇ ಎಚ್ಚರತಪ್ಪಿ ಬಿದ್ದಳು. ಡಾಕ್ಟರು ಬಂದರು, ಮಗುವಿಗೆ ಏನೂ ಆಗಿರಲಿಲ್ಲ. ಸರಿಯಾಗಿ ಊಟ ಮಾಡಿಲ್ಲ ಎಂದು ಅತ್ತೆ ಬೈದರು. ನಾನು ಅವಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದೆ. ಆಗಲೂ ಹೇಳಲಿಲ್ಲ.

ಹೆರಿಗೆಗೆಂದು ಚನ್ನರಾಯಪಟ್ಟಣಕ್ಕೆ ಹೋದವಳು ಮತ್ತೆ ಆ ಮನೆಗೆ ಬಾಳಲು ಬರಲಿಲ್ಲ. ಮೈದುನ ಹಾಸನದಲ್ಲಿ ಅಂಗಡಿ ಇಟ್ಟು ಅಲ್ಲೇ ಬಾಡಿಗೆ ಮನೆ ಮಾಡಿದ. ಅವಳಿಗೆ ಒಟ್ಟು ಮನೆ ಒಗ್ಗಲಿಲ್ಲ ಎಂದು ನೆಂಟರೆಲ್ಲ ಮಾತಾಡಿಕೊಂಡರು.

ಅವರು ಹೋದ ಮೇಲೆ ನಾನು ಹಲಗೆ ತೆಗೆದೆ. ಇನ್ನು ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲವಲ್ಲ. ಗಾಳಿ ಈ ತುದಿಯಿಂದ ಆ ತುದಿಗೆ ಹರಿಯಿತು. ಮುಂದಿನ ಬೇಸಿಗೆಯಲ್ಲಿ ಅತ್ತೆ ಒಂದು ಮಧ್ಯಾಹ್ನ ಮೇಲೆ ಬಂದು, ಆ ಕೋಣೆಯ ಮಂಚದ ಮೇಲೆ ಕೂತು, ಸೆರಗು ಸಡಿಲಿಸಿ ಹೇಳಿದರು: “ನೋಡು, ಎಂಥಾ ತಂಪು! ಇಂಥಾ ರೂಮ್ನ ಸೆಕೆ ಅಂತ ಬಿಟ್ಟೋದ್ಲಲ್ಲ ಆ ಪುಣ್ಯಾತ್ಗಿತ್ತಿ. ನೀನು ಏಳಿದ್ದೇ ಸರಿ ಕಣವ್ವಾ.”

ನಾನು ಹೂಂ ಎಂದೆ. ನನ್ನ ಸುಳ್ಳಿಗೆ ಮನೆಯೇ ಸಾಕ್ಷಿ ಹೇಳುತ್ತಿತ್ತು. ಮೊದಲನೆಯ ಸಲ ಹೆದರಿ ಸುಳ್ಳಾಡಿದ್ದೆ ಎನ್ನೋಣ. ಈ ಸಲ ಹೆದರಲು ಏನೂ ಇರಲಿಲ್ಲ. ಎರಡರಲ್ಲಿ ಇದೇ ದೊಡ್ಡದು.

ವರ್ಷಗಳು ಕಳೆದವು. ಮಾವ ತೀರಿಕೊಂಡರು — ನನ್ನ ಮಾತನ್ನು ನಂಬಿಕೊಂಡೇ. ಎರಡು ಸಾವಿರದ ಇಸವಿ ದಾಟಿದ ಮೇಲೆ ಮೈದುನ ಹಾಸನದಲ್ಲಿ ಸೈಟು ತೆಗೆದುಕೊಂಡು ಮನೆ ಕಟ್ಟಿಸಲು ಶುರು ಮಾಡಿದ. ಕಿಟಕಿಗಳ ಜಾಗ ಗುರುತಿಸಲು ನಾನೇ ಬರಬೇಕೆಂದು ಪದ್ಮಳೇ ಫೋನು ಮಾಡಿದಳು. ಹೋದೆ. ಗೋಡೆಗಳು ಮೊಣಕಾಲೆತ್ತರ ಎದ್ದಿದ್ದವು. ನಾನು ಉತ್ಸಾಹದಿಂದ ಓಡಾಡಿ, ಹಾಲಿನ ಗಾಳಿ ಎಲ್ಲಿಂದ ಒಳಬಂದು ಎಲ್ಲಿ ಹೊರಹೋಗಬೇಕು, ಮಹಡಿಯ ಮೆಟ್ಟಿಲ ಮೇಲೆ ಬಿಸಿ ಹೊರಬೀಳಲು ಕಿಂಡಿ ಎಲ್ಲಿ ಬೇಕು, ಎಲ್ಲ ತೋರಿಸಿದೆ. ಹೈಸ್ಕೂಲಿಗೆ ಹೋಗುತ್ತಿದ್ದ ಅವಳ ಮಗಳು ಹಿಂದೆ ಹಿಂದೆಯೇ ಬರುತ್ತಿದ್ದಳು. ಕೊನೆಗೆ ಪದ್ಮ ಹಿಂಭಾಗದ ಒಂದು ಮೂಲೆ ತೋರಿಸಿ, “ಇದು ನಮ್ಮ ರೂಮು” ಎಂದಳು. ಮೂರು ಕಡೆಯೂ ಗೋಡೆ ಮುಚ್ಚಿದ ಜಾಗ.

“ಇಲ್ಲಿ ಗಾಳಿ ಆಡಲ್ಲ ಪದ್ಮಾ. ಬೇಯ್ತೀರ.”

“ನಂಗೆ ಎಲ್ಲಾದ್ರೂ ನಡೀತದೆ ಅಕ್ಕ. ನಂದು ಮನಸ್ಸಿನ ಸೆಕೆ ಅಂತ ನೀವು ಅವತ್ತೇ ಕಂಡುಹಿಡಿದ್ರಲ್ಲ. ಆಮೇಲೆ ನಾನು ಸೆಕೆ ಅಂತ ಬಾಯೇ ಬಿಟ್ಟಿಲ್ಲ.”

ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮಗಳು ನಕ್ಕಳು. “ಅಮ್ಮ ಜ್ವರ ಬಂದ್ರೂ ಹೇಳಲ್ಲ ದೊಡ್ಡಮ್ಮ. ಕೇಳಿದ್ರೆ, ‘ಸುಮ್ನೆ ನಂಗೆ ಹಂಗನ್ನಿಸ್ತದೆ ಅಷ್ಟೆ’ ಅಂತಾರೆ.”

ಅವಳಿಂದ ಮನೆ ಬಿಡಿಸಿದೆ, ಅವಳ ಹೆಸರು ಕೆಡಿಸಿದೆ, ಅಷ್ಟೇ ಎಂದುಕೊಂಡಿದ್ದೆ. ಅವಳ ಮೈ ಅವಳಿಗೆ ಹೇಳುವ ಮಾತನ್ನೇ ಅವಳು ನಂಬದ ಹಾಗೆ ಮಾಡಿದ್ದೇನೆ ಎಂದು ನನಗೆ ಆ ಗಳಿಗೆಯವರೆಗೆ ತಿಳಿದಿರಲಿಲ್ಲ. ಮಗಳನ್ನು ಅಂಗಡಿಯಿಂದ ಏನೋ ತರಲು ಕಳಿಸಿ, ಇಟ್ಟಿಗೆ ರಾಶಿಯ ಪಕ್ಕ ನಿಂತೇ ಹೇಳಿದೆ. ಹಲಗೆ, ಬೆಳಗಿನ ಜಾವ, ನೆಲದ ಹತ್ತಿರದ ಥರ್ಮಾಮೀಟರು, ನನ್ನ ನಾಲಿಗೆ — ಯಾವುದನ್ನೂ ಮೆತ್ತಗೆ ಮಾಡಲಿಲ್ಲ. ಕ್ಷಮಿಸು ಎನ್ನಲೂ ಇಲ್ಲ. ಆ ಮಾತಿನಿಂದ ಅವಳ ಮೇಲೆ ಇನ್ನೊಂದು ಭಾರ ಹೊರಿಸಿದಂತಾಗುತ್ತಿತ್ತು.

ಅವಳು ಕೇಳಿದ್ದು ಇಷ್ಟೇ: “ಹಂಗಾದ್ರೆ... ನಿಜವಾಗ್ಲೂ ಸೆಕೆ ಇತ್ತಾ?”

“ಇತ್ತು. ನೀನು ಹೇಳಿದ್ದಕ್ಕಿಂತ ಜಾಸ್ತಿ ಇತ್ತು.”

ಅವಳು ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, “ಅತ್ತೆಗೆ ನೀವೇ ಹೇಳ್ಬೇಕು. ನಾನು ಹೇಳಿದ್ರೆ ನಂಬಲ್ಲ” ಎಂದಳು. “ಈಗ ನೀವು ಹೊರಡಿ.”

ಮಾರನೆಯ ದಿನ ಅತ್ತೆಗೆ, ನಮ್ಮ ಯಜಮಾನರ ಎದುರಿಗೇ ಹೇಳಿದೆ. ಅತ್ತೆ ನನ್ನನ್ನು ಬೈಯಲಿಲ್ಲ. “ಬಸ್ರಿ ಎಂಗ್ಸು...” ಎಂದು ಶುರು ಮಾಡಿದವರು ಮುಗಿಸಲಿಲ್ಲ. ತಾವೇ ಹಾಸನಕ್ಕೆ ಹೋಗಿ ಕೆಲವು ದಿನ ಪದ್ಮಳ ಜೊತೆ ಇದ್ದು ಬಂದರು. ಅಲ್ಲಿ ಏನು ಮಾತಾಯಿತು ನನಗೆ ಗೊತ್ತಿಲ್ಲ. ಬಂದ ಮೇಲೆ ನನ್ನೊಡನೆ ಎಷ್ಟು ಬೇಕೋ ಅಷ್ಟೇ ಮಾತು. ಹಾಗೇ ಇರಬೇಕಾದ್ದು.

ಪದ್ಮ ಇನ್ನು ಕರೆಯುವುದಿಲ್ಲ ಎಂದುಕೊಂಡಿದ್ದೆ. ಗೋಡೆ ಕಿಟಕಿಯ ಮಟ್ಟಕ್ಕೆ ಬಂದಾಗ ಕರೆಸಿದಳು. ಅವರ ರೂಮನ್ನು ಅವಳೇ ಮುಂದಿನ ಮೂಲೆಗೆ ಬದಲಾಯಿಸಿದ್ದಳು. ಕಿಟಕಿ ಎಲ್ಲಿ ಬರಬೇಕೆಂದು ನಾನು ಬಾಯಿ ತೆರೆಯುವ ಮೊದಲೇ, ಗೋಡೆಯುದ್ದಕ್ಕೂ ನಿಧಾನವಾಗಿ ನಡೆದು, ಒಂದು ಕಡೆ ಕಣ್ಣು ಮುಚ್ಚಿ ನಿಂತಳು. ಕೆನ್ನೆಯ ಪಕ್ಕದ ಕೂದಲು ಅಲುಗಿತು.

“ಇಲ್ಲಿ,” ಎಂದು ಅಂಗೈಯನ್ನು ಗೋಡೆಯ ಮೇಲಿಟ್ಟಳು. “ಇಲ್ಲಿ ಗಾಳಿ ಬತ್ತದೆ. ನಂಗೆ ಗೊತ್ತಾಗ್ತದೆ.”

ನನ್ನ ಲೆಕ್ಕದಲ್ಲಿ ಕಿಟಕಿ ಸ್ವಲ್ಪ ಎಡಕ್ಕೆ ಬಂದಿದ್ದರೆ ಇನ್ನೂ ಚೆನ್ನ. ಅವಳು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. ನಾನು ಸೀಮೆಸುಣ್ಣ ತೆಗೆದು, ಅವಳ ಕೈ ಇದ್ದಲ್ಲೇ ಗುರುತು ಹಾಕಿದೆ.